ನವಜಾತ ಶಿಶುವಿನ ಬಾಯಲ್ಲಿ ಹಲ್ಲು ಕಂಡಾಗ: ಗುರುತಿಸುವ ಮತ್ತು ನಿಭಾಯಿಸುವ ಕ್ರಮ

ಮಗುವಿಗೆ ಮೊದಲ ಹಾಲುಹಲ್ಲು ಮೂಡುವುದು ಸಾಮಾನ್ಯವಾಗಿ 6ರಿಂದ 10 ತಿಂಗಳ ನಡುವೆ, ಅದೂ ಕೆಳದವಡೆಯ ನಟ್ಟನಡುವೆ. ಅಪರೂಪಕ್ಕೆ ಕೆಲವು ಶಿಶುಗಳು ಹಲ್ಲಿನೊಂದಿಗೇ ಹುಟ್ಟುತ್ತವೆ; ಇನ್ನು ಕೆಲವಕ್ಕೆ ಹುಟ್ಟಿದ 30 ದಿನಗಳೊಳಗೆ ಹಲ್ಲು ಒಸಡನ್ನು ಸೀಳಿಕೊಂಡು ಹೊರಬರುತ್ತದೆ. ಮೊದಲನೆಯದನ್ನು ನೇಟಲ್ ಹಲ್ಲು, ಎರಡನೆಯದನ್ನು ನಿಯೋನೇಟಲ್ ಹಲ್ಲು ಎಂದು ವೈದ್ಯರು ಕರೆಯುತ್ತಾರೆ. ಈ ವಿಂಗಡಣೆಯನ್ನು 1950ರಲ್ಲಿ ಮಾಸ್ಲರ್ ಮತ್ತು ಸವಾರಾ ಎಂಬ ತಜ್ಞರು ಮಾಡಿದರು. ಎರಡು ಮೂರು ಸಾವಿರ ಹೆರಿಗೆಗಳಿಗೆ ಒಂದು ಎಂಬ ಲೆಕ್ಕವನ್ನು ಪಠ್ಯಪುಸ್ತಕಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಹುಟ್ಟುವಾಗಲೇ ಇರುವ ಹಲ್ಲುಗಳು ಆಮೇಲೆ ಮೂಡುವವುಗಳಿಗಿಂತ ಹೆಚ್ಚು. ಆದರೆ ಚಿಕಿತ್ಸೆಯ ದೃಷ್ಟಿಯಿಂದ ಹಲ್ಲು ಹುಟ್ಟಿದ ದಿನ ಕಂಡಿತೋ ಇಪ್ಪತ್ತನೆಯ ದಿನ ಕಂಡಿತೋ ಎಂಬುದು ಅಷ್ಟು ಮುಖ್ಯವಲ್ಲ. ಮುಖ್ಯವಾದ ಪ್ರಶ್ನೆಗಳು ಮೂರು: ಹಲ್ಲು ಎಷ್ಟು ಅಲುಗುತ್ತದೆ, ಅದು ಮಗುವಿನ ಹಾಲುಹಲ್ಲೇ ಅಥವಾ ಹೆಚ್ಚುವರಿ ಹಲ್ಲೇ, ಮತ್ತು ಅದರಿಂದ ಮಗುವಿಗಾಗಲಿ ತಾಯಿಗಾಗಲಿ ಈಗ ತೊಂದರೆ ಆಗುತ್ತಿದೆಯೇ. ಈ ಮೂರಕ್ಕೆ ಉತ್ತರ ಸಿಗುವ ಮೊದಲು ಹಲ್ಲನ್ನು ಕೀಳಿಸುವ ಆತುರ ಬೇಡ. ಉತ್ತರ ಸಿಕ್ಕ ಮೇಲೆ ಅನೇಕ ಸಲ ಕೀಳಿಸುವ ಅಗತ್ಯವೇ ಉಳಿಯುವುದಿಲ್ಲ.

ಹಲ್ಲಿನೊಂದಿಗೆ ಹುಟ್ಟುವುದನ್ನು ಶಕುನವೆಂದೋ ಅಪಶಕುನವೆಂದೋ ನಂಬುವವರುಂಟು; ಆ ವಿಚಾರವನ್ನು ಇಲ್ಲಿಯೇ ಮುಗಿಸಿಬಿಡಬಹುದು. ಫ್ರಾನ್ಸಿನ ದೊರೆ 14ನೇ ಲೂಯಿ 1638ರಲ್ಲಿ ಹುಟ್ಟಿದಾಗ ಬಾಯಲ್ಲಿ ಎರಡು ಹಲ್ಲುಗಳಿದ್ದವೆಂದೂ, ಹಾಲೂಡಿಸಿದ ದಾದಿಯರು ಅದರಿಂದ ನೋವುಂಡರೆಂದೂ ಹೇಳಲಾಗುತ್ತದೆ. ದಾದಿಯರ ನೋವು ನಂಬತಕ್ಕ ಮಾತು. ಹಲ್ಲಿಗೂ ಸಿಂಹಾಸನಕ್ಕೂ ಇರುವ ನಂಟು ಮಾತ್ರ ನಂಬತಕ್ಕದ್ದಲ್ಲ. ದವಡೆಯಲ್ಲಿ ಹಲ್ಲಿನ ಮೊಳಕೆ ಇರಬೇಕಾದ ಆಳಕ್ಕಿಂತ ಮೇಲೆ, ಒಸಡಿನ ಹತ್ತಿರವೇ ಕುಳಿತಿದ್ದರೆ ಹಲ್ಲು ಬೇಗ ಹೊರಬರುತ್ತದೆ ಎಂಬುದು ಇಂದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ಕೆಲವು ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುವುದುಂಟು. ಹೀಗಾಗಿ ತಂದೆ ತಾಯಿ, ಅವರ ಒಡಹುಟ್ಟಿದವರು, ಅಜ್ಜ ಅಜ್ಜಿಯರಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಮೊದಲು ಕೇಳಿ ತಿಳಿಯಬೇಕು. ತಾಯಿ ಗರ್ಭಿಣಿಯಾಗಿದ್ದಾಗ ಏನು ತಿಂದಳು, ಏನು ಬಿಟ್ಟಳು ಎಂದು ಅವಳನ್ನು ಪ್ರಶ್ನಿಸುವುದರಿಂದ ಯಾವ ಪ್ರಯೋಜನವೂ ಇಲ್ಲ.

ಕಂಡದ್ದು ಹಲ್ಲೇ ಹೌದೇ?

ಶಿಶುವಿನ ಬಾಯಲ್ಲಿ ಬೆಳ್ಳಗೆ ಕಾಣುವುದೆಲ್ಲ ಹಲ್ಲಲ್ಲ. ಪರೀಕ್ಷೆಗೆ ಒಳ್ಳೆಯ ಬೆಳಕು, ಕೈಗವಸು ಮತ್ತು ತಾಳ್ಮೆ ಸಾಕು. ತಾಯಿ ಅಥವಾ ತಂದೆ ಒಂದು ಕುರ್ಚಿಯಲ್ಲಿ, ವೈದ್ಯರು ಎದುರಿನ ಕುರ್ಚಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತು, ಮಗುವಿನ ತಲೆ ವೈದ್ಯರ ತೊಡೆಯ ಮೇಲೂ ಕಾಲುಗಳು ಹೆತ್ತವರ ಕಡೆಗೂ ಬರುವಂತೆ ಮಲಗಿಸಿದರೆ ಬಾಯಿ ಚೆನ್ನಾಗಿ ಕಾಣುತ್ತದೆ. ಮಗುವಿಗೆ ಹೆತ್ತವರ ಮುಖವೂ ಕಾಣುತ್ತಿರುತ್ತದೆ. ಕೆಳತುಟಿಯನ್ನು ಹೆಬ್ಬೆರಳಿನಿಂದ ಕೆಳಗೆ ಸರಿಸಿ, ತೋರುಬೆರಳಿನ ತುದಿಯನ್ನು ಒಸಡಿನ ಏಣಿನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ಆಡಿಸಬೇಕು. ಹಲ್ಲಾಗಿದ್ದರೆ ಬೆರಳಿಗೆ ಚೂಪಾದ, ಗಟ್ಟಿಯಾದ ಅಂಚು ತಾಗುತ್ತದೆ. ಕೆಲವೊಮ್ಮೆ ಹಲ್ಲು ಇನ್ನೂ ಹೊರಬಂದಿರುವುದಿಲ್ಲ, ಊದಿದ ಒಸಡಿನ ಕೆಳಗೆ ಗಟ್ಟಿಯಾದದ್ದೊಂದು ಕೈಗೆ ಸಿಗುತ್ತದೆ ಅಷ್ಟೆ. ಅದೂ ಲೆಕ್ಕಕ್ಕೆ ಸೇರಿದ್ದೇ.

ಹೆಚ್ಚಾಗಿ ಗೊಂದಲ ಹುಟ್ಟಿಸುವುದು ಒಸಡಿನ ಏಣಿನ ಮೇಲೆಯೇ ಮೂಡುವ ಚಿಕ್ಕ ಬಿಳಿ ಗುಳ್ಳೆಗಳು. ಹಲ್ಲು ರೂಪುಗೊಳ್ಳುವಾಗ ಉಳಿದುಹೋದ ಜೀವಕೋಶಗಳಿಂದ ಆಗುವ ಇವು ಕೆಲವೇ ಮಿಲಿಮೀಟರ್ ಗಾತ್ರದವು, ದುಂಡಗೆ ಹೊಳೆಯುತ್ತವೆ, ಇವಕ್ಕೆ ಹಲ್ಲಿನ ಅಂಚು ಇರುವುದಿಲ್ಲ. ಇಂಥವೇ ಗುಳ್ಳೆಗಳು ಅಂಗುಳಿನ ನಡುಗೆರೆಯಲ್ಲಿ ಸಾಲಾಗಿ ಇದ್ದರೆ ಅವನ್ನು ಎಪ್‌ಸ್ಟೀನ್ ಮುತ್ತುಗಳೆಂದೂ, ಒಸಡಿನ ಏಣಿನ ಹೊರಬದಿ ಅಥವಾ ಒಳಬದಿಯಲ್ಲಿದ್ದರೆ ಬೋನ್ ಗಂಟುಗಳೆಂದೂ ಕರೆಯುತ್ತಾರೆ. ಇವೆಲ್ಲವೂ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ತಾವಾಗಿ ಮಾಯವಾಗುತ್ತವೆ. ಹಿಸುಕುವುದಾಗಲಿ ಸೂಜಿಯಿಂದ ಚುಚ್ಚುವುದಾಗಲಿ ಸಲ್ಲದು. ನೀಲಿ ಛಾಯೆಯ ಮೆತ್ತಗಿನ ಉಬ್ಬು ಕಂಡರೆ ಅದು ಮೂಡುತ್ತಿರುವ ಹಲ್ಲಿನ ಮೇಲೆ ದ್ರವ ತುಂಬಿದ ಚೀಲವಾಗಿರಬಹುದು. ತೊಟ್ಟಿನ ಮೇಲೆ ನಿಂತಂತೆ ಇರುವ ನಸುಗೆಂಪು ಮಾಂಸದ ಗಡ್ಡೆ, ಅದರಲ್ಲೂ ಮೇಲ್ದವಡೆಯಲ್ಲಿ, ಕಂಡರೆ ಅದು ಜನ್ಮಜಾತ ಎಪುಲಿಸ್ ಆಗಿರುವ ಸಾಧ್ಯತೆಯುಂಟು. ಇದು ಹೆಣ್ಣುಮಕ್ಕಳಲ್ಲಿ ಹೆಚ್ಚು, ಕ್ಯಾನ್ಸರ್ ಅಲ್ಲ, ಆದರೆ ಹಾಲು ಕುಡಿಯಲು ಅಡ್ಡಿಯಾಗುವಷ್ಟು ದೊಡ್ಡದಿದ್ದರೆ ಶಸ್ತ್ರಚಿಕಿತ್ಸಕರೇ ನೋಡಬೇಕು.

ಹಲ್ಲೇ ಎಂದು ಖಚಿತವಾದರೆ ಅದರ ಜಾಗವನ್ನು ಬರೆದಿಟ್ಟುಕೊಳ್ಳಬೇಕು. ಇಂಥ ಹಲ್ಲುಗಳಲ್ಲಿ ಸುಮಾರು 85 ಶೇಕಡಾ ಕೆಳದವಡೆಯ ನಡುವಿನ ಬಾಚಿಹಲ್ಲುಗಳು, ಅವು ಜೋಡಿಯಾಗಿ ಬರುವುದೂ ಸಾಮಾನ್ಯ. ಮೇಲಿನ ಬಾಚಿಹಲ್ಲುಗಳು ಕಡಿಮೆ. ಕೋರೆಹಲ್ಲು ಮತ್ತು ದವಡೆಹಲ್ಲುಗಳು ತೀರ ವಿರಳ. ಹಿಂದಿನ ದವಡೆಹಲ್ಲು ಹುಟ್ಟುವಾಗಲೇ ಕಂಡರೆ, ಅಥವಾ ಒಂದೆರಡಲ್ಲದೆ ಹಲವು ಹಲ್ಲುಗಳಿದ್ದರೆ, ಬೇರೆ ಕಾಯಿಲೆಯ ಜೊತೆಗೆ ಬಂದಿರಬಹುದೇ ಎಂದು ಹೆಚ್ಚು ಎಚ್ಚರದಿಂದ ಹುಡುಕಬೇಕು.

ಅಲುಗಾಟ, ಬೇರು, ಎಕ್ಸ್-ರೇ

ಈ ಹಲ್ಲುಗಳು ನೋಡಲು ಸಾಮಾನ್ಯ ಹಾಲುಹಲ್ಲಿನಂತೆ ಇರುವುದು ಕಡಿಮೆ. ಗಾತ್ರ ಚಿಕ್ಕದು, ಆಕಾರ ಕೆಲವೊಮ್ಮೆ ಶಂಕುವಿನಂತೆ, ಬಣ್ಣ ಹಳದಿ ಅಥವಾ ಕಂದು. ಹಲ್ಲು ಕಾಲಕ್ಕೆ ಮೊದಲು ಹೊರಬಂದದ್ದರಿಂದ ಎನಾಮಲ್ (ಹಲ್ಲಿನ ಹೊರಪದರ) ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬೇರಂತೂ ಬಹುತೇಕ ಇರುವುದೇ ಇಲ್ಲ. ಕೆಳಗಿನ ನಡುಬಾಚಿಹಲ್ಲಿನ ಬೇರು ಪೂರ್ಣವಾಗಲು ಮಗುವಿಗೆ ಸುಮಾರು ಒಂದೂವರೆ ವರ್ಷವಾಗಬೇಕು ಎಂಬುದನ್ನು ನೆನೆದರೆ ಇದು ಏಕೆಂದು ಅರ್ಥವಾಗುತ್ತದೆ. ಬೇರಿಲ್ಲದ ಹಲ್ಲು ಒಸಡಿನ ಮಾಂಸಕ್ಕಷ್ಟೇ ಅಂಟಿಕೊಂಡಿರುವುದರಿಂದ ಅಲುಗುತ್ತದೆ.

1997ರಲ್ಲಿ ಹೆಬ್ಲಿಂಗ್ ಮತ್ತು ಸಂಗಡಿಗರು ಕೊಟ್ಟ ನಾಲ್ಕು ವರ್ಗಗಳು ವೈದ್ಯರಿಗೆ ನಿರ್ಧಾರ ತೆಗೆದುಕೊಳ್ಳಲು ನಿಜಕ್ಕೂ ನೆರವಾಗುತ್ತವೆ. ಚಿಪ್ಪಿನಂತಹ ಟೊಳ್ಳು ಕಿರೀಟ (ಬೇರಿನ ಮೇಲಿನ, ಬಾಯಲ್ಲಿ ಕಾಣುವ ಹಲ್ಲಿನ ಭಾಗ), ಬೇರಿಲ್ಲದೆ ಒಸಡಿಗೆ ಸಡಿಲವಾಗಿ ಅಂಟಿಕೊಂಡದ್ದು ಮೊದಲ ವರ್ಗ. ಗಟ್ಟಿ ಕಿರೀಟವಿದ್ದು ಬೇರು ಇಲ್ಲದ ಅಥವಾ ಇದ್ದೂ ಇಲ್ಲದಂತಿರುವುದು ಎರಡನೆಯದು. ಹಲ್ಲಿನ ಕಡಿಯುವ ಅಂಚು ಮಾತ್ರ ಒಸಡನ್ನು ಸೀಳಿ ಹೊರಗೆ ಇಣುಕುವುದು ಮೂರನೆಯದು. ಒಸಡು ಊದಿದ್ದು, ಹಲ್ಲು ಹೊರಬಾರದೆ ಕೈಗೆ ಮಾತ್ರ ಸಿಗುವುದು ನಾಲ್ಕನೆಯದು. ಮೊದಲ ಎರಡು ವರ್ಗಗಳಲ್ಲಿ ಹಲ್ಲು 2 ಮಿಲಿಮೀಟರಿಗಿಂತ ಹೆಚ್ಚು ಅಲುಗಿದರೆ ತೆಗೆಯುವ ಕಡೆಗೆ ಒಲವು ಬರುತ್ತದೆ. ಅಲುಗಾಟವನ್ನು ಅಳೆಯಲು ಹಲ್ಲನ್ನು ಎರಡು ಉಪಕರಣಗಳ ಹಿಡಿಗಳ ನಡುವೆ, ಇಲ್ಲವೇ ಬೆರಳ ತುದಿ ಮತ್ತು ಒಂದು ಹಿಡಿಯ ನಡುವೆ ಇಟ್ಟು ಹಿಂದೆ ಮುಂದೆ ಮೆಲ್ಲಗೆ ಆಡಿಸಿ ನೋಡುತ್ತಾರೆ. ಮನೆಯವರು ದಿನಕ್ಕೆ ಹತ್ತು ಸಲ ಅಲುಗಿಸಿ ನೋಡುವುದರಿಂದ ಮಾತ್ರ ಗಟ್ಟಿಯಾಗಬಹುದಾಗಿದ್ದ ಹಲ್ಲೂ ಸಡಿಲವಾಗುತ್ತದೆ.

ಎಕ್ಸ್-ರೇ ತೆಗೆಸುವ ಉದ್ದೇಶ ಮುಖ್ಯವಾಗಿ ಒಂದೇ: ಇದು ಮಗುವಿನ ಲೆಕ್ಕದ ಹಾಲುಹಲ್ಲೇ, ಅಥವಾ ಲೆಕ್ಕಕ್ಕೆ ಮೀರಿದ ಹೆಚ್ಚುವರಿ ಹಲ್ಲೇ ಎಂದು ತಿಳಿಯುವುದು. ಹೊರಬಂದ ಹಲ್ಲಿನ ಕೆಳಗೆ ಅದೇ ಜಾಗದ ಹಾಲುಹಲ್ಲಿನ ಕಿರೀಟ ಬೇರೆಯಾಗಿ ಕಂಡರೆ ಹೊರಗಿರುವುದು ಹೆಚ್ಚುವರಿ. ಕಾಣದಿದ್ದರೆ ಹೊರಗಿರುವುದೇ ನಿಜವಾದ ಹಾಲುಹಲ್ಲು. ಇಂಥ ಹಲ್ಲುಗಳಲ್ಲಿ 90 ಶೇಕಡಾಕ್ಕೂ ಹೆಚ್ಚು ನಿಜವಾದ ಹಾಲುಹಲ್ಲುಗಳೇ. ಅವನ್ನು ಕಿತ್ತರೆ ಆ ಜಾಗಕ್ಕೆ ಇನ್ನೊಂದು ಹಾಲುಹಲ್ಲು ಬರುವುದಿಲ್ಲ. ಸುಮಾರು ಆರೇಳು ವರ್ಷಕ್ಕೆ ಶಾಶ್ವತ ಹಲ್ಲು ಬರುವವರೆಗೆ ಜಾಗ ಖಾಲಿ. ಅವಸರದಲ್ಲಿ ಕೀಳಿಸಿದ ಮೇಲೆ ಈ ವಿಷಯ ತಿಳಿದು ಪೇಚಾಡುವುದಕ್ಕಿಂತ, ಚಿಕ್ಕ ಫಿಲ್ಮ್ ಇಟ್ಟು, ಸೀಸದ ಹೊದಿಕೆ ಹೊದಿಸಿ ಒಂದು ಚಿತ್ರ ತೆಗೆಸುವುದು ಮೇಲು. ಹಲ್ಲು ಗಟ್ಟಿಯಾಗಿದ್ದು ಯಾವ ತೊಂದರೆಯನ್ನೂ ಕೊಡದಿದ್ದರೆ, ಅಥವಾ ಇಂದೋ ನಾಳೆಯೋ ಬೀಳುವಷ್ಟು ಸಡಿಲವಾದ ಚಿಪ್ಪಿನ ಹಲ್ಲಾಗಿದ್ದರೆ, ಎಕ್ಸ್-ರೇ ಯಾವ ನಿರ್ಧಾರವನ್ನೂ ಬದಲಿಸುವುದಿಲ್ಲ. ಆಗ ಅದನ್ನು ಮುಂದೂಡಬಹುದು ಅಥವಾ ಬಿಟ್ಟೇಬಿಡಬಹುದು.

ಹಲ್ಲನ್ನು ನೋಡುತ್ತ ಮಗುವನ್ನು ಮರೆಯಬಾರದು. ಹೆಚ್ಚಿನ ಶಿಶುಗಳಲ್ಲಿ ಈ ಹಲ್ಲೊಂದನ್ನು ಬಿಟ್ಟರೆ ಬೇರೇನೂ ಇರುವುದಿಲ್ಲವಾದರೂ, ಕೈಯಲ್ಲಿ ಆರನೆಯ ಬೆರಳು, ಗಿಡ್ಡ ಕೈಕಾಲು, ಸರಿಯಾಗಿ ಬೆಳೆಯದ ಉಗುರುಗಳು ಜೊತೆಗಿದ್ದರೆ ಎಲ್ಲಿಸ್–ವಾನ್ ಕ್ರೆವೆಲ್ಡ್ ಸಿಂಡ್ರೋಮ್‌ನ ಸಂದೇಹ ಬರಬೇಕು. ಅದರಲ್ಲಿ ಹೃದಯದ ದೋಷಗಳು ಸಾಮಾನ್ಯವಾದ್ದರಿಂದ ಹೃದಯದ ಪರೀಕ್ಷೆಯೂ ಆಗಬೇಕು. ಕೊಕ್ಕಿನಂತಹ ಮೂಗು, ಚಿಕ್ಕ ಕಣ್ಣುಗಳು, ಕಣ್ಣಿನ ಪೊರೆ ಮತ್ತು ವಿರಳ ಕೂದಲು ಹಾಲರ್‌ಮನ್–ಸ್ಟ್ರೀಫ್ ಸಿಂಡ್ರೋಮ್‌ನತ್ತ ಬೆರಳು ತೋರಿಸುತ್ತವೆ. ಉಗುರುಗಳು ದಪ್ಪವಾಗುವ ಪ್ಯಾಕಿಯೋನಿಕಿಯಾ ಎಂಬ ವಂಶವಾಹಿ ಕಾಯಿಲೆಯ ಒಂದು ಬಗೆಯಲ್ಲೂ ಹೀಗೆ ಹಲ್ಲುಗಳಿರುತ್ತವೆ, ಆದರೆ ಉಗುರಿನ ಬದಲಾವಣೆ ಹುಟ್ಟಿದ ದಿನವೇ ಕಾಣಬೇಕೆಂದಿಲ್ಲ. ಸೀಳುತುಟಿ, ಸೀಳಂಗುಳ ಇರುವ ಶಿಶುಗಳಲ್ಲಿ ಸೀಳಿನ ಅಂಚಿನಲ್ಲಿ ಹಲ್ಲು ಕಾಣುವುದು ಅಪರೂಪವಲ್ಲ.

ಇರಗೊಡುವ ಹಲ್ಲಿನ ಆರೈಕೆ

ಗಟ್ಟಿಯಾಗಿರುವ, ತೊಂದರೆ ಕೊಡದ ಹಲ್ಲನ್ನು ಹಾಗೆಯೇ ಬಿಡುವುದು ಸರಿಯಾದ ಚಿಕಿತ್ಸೆ. ಮೊದಲ ಕೆಲವು ತಿಂಗಳನ್ನು ದಾಟಿ ಉಳಿದ ಹಲ್ಲು ಬೇರು ಬೆಳೆಸಿಕೊಂಡು ಗಟ್ಟಿಯಾಗುವ ಸಾಧ್ಯತೆ ಹೆಚ್ಚು. ಎನಾಮಲ್ ತೆಳುವಾದ್ದರಿಂದ ಹುಳುಕಿನ ಭಯವುಂಟು. ದಿನಕ್ಕೆ ಎರಡು ಸಲ, ಸಾಧ್ಯವಾದರೆ ಹಾಲು ಕುಡಿಸಿದ ಮೇಲೆ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಮೆತ್ತನೆಯ ಶುಭ್ರ ಬಟ್ಟೆಯಿಂದ ಹಲ್ಲನ್ನೂ ಸುತ್ತಲಿನ ಒಸಡನ್ನೂ ಒರೆಸಬೇಕು. ಫ್ಲೋರೈಡ್ ಲೇಪನ ಬೇಕೇ ಎಂಬುದನ್ನು ದಂತವೈದ್ಯರು ನಿರ್ಧರಿಸಲಿ.

ತಾಯಂದಿರು ಮೊದಲು ಕೇಳುವುದು ಎದೆಹಾಲು ಕುಡಿಸಬಹುದೇ ಎಂದು. ಕುಡಿಸಬಹುದು, ಕುಡಿಸಬೇಕು. ಮಗು ಎದೆಯನ್ನು ಸರಿಯಾಗಿ ಕಚ್ಚಿಕೊಂಡಾಗ ಅದರ ನಾಲಿಗೆ ಕೆಳ ಒಸಡನ್ನು ದಾಟಿ ಮುಂದೆ ಚಾಚಿ, ಹಲ್ಲಿಗೂ ಎದೆಗೂ ನಡುವೆ ಹಾಸಿದಂತೆ ಇರುತ್ತದೆ. ಹೀಗಾಗಿ ಮಗು ಹೀರುವಾಗ ಕೆಳಗಿನ ಹಲ್ಲು ತಾಯಿಗೆ ನಾಟುವುದಕ್ಕಿಂತ ಮಗುವಿನ ನಾಲಿಗೆಗೇ ಹೆಚ್ಚು ಉಜ್ಜುತ್ತದೆ. ಮಗು ತೊಟ್ಟಿನ ತುದಿಯನ್ನು ಮಾತ್ರ ಹಿಡಿದಿದ್ದರೆ ತಾಯಿಗೆ ಗಾಯವಾಗುತ್ತದೆ. ಆಗ ಮಗುವಿನ ಬಾಯಿಯ ಮೂಲೆಯಲ್ಲಿ ಕಿರುಬೆರಳನ್ನು ತೂರಿಸಿ ಹಿಡಿತ ಬಿಡಿಸಿ, ಮಗು ಬಾಯನ್ನು ಅಗಲವಾಗಿ ತೆರೆಯುವವರೆಗೆ ಕಾದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಮತ್ತೆ ಹಿಡಿಸಬೇಕು. ತೊಟ್ಟು ಒಡೆದು ನೋವು ತಡೆಯಲಾಗದಿದ್ದರೆ ಗಾಯ ಮಾಯುವವರೆಗೆ ಹಾಲನ್ನು ಹಿಂಡಿ ಚಮಚ ಅಥವಾ ಬಟ್ಟಲಿನಿಂದ ಕುಡಿಸಬಹುದು. ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಮಗು ಎಷ್ಟು ಸಲ ಮೂತ್ರ ಮಾಡುತ್ತಿದೆ ಎಂದು ಎಣಿಸಬೇಕು: ಐದನೆಯ ದಿನದ ನಂತರ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗಬೇಕು. ಹುಟ್ಟಿದಾಗಿನ ತೂಕ ಎರಡು ವಾರದೊಳಗೆ ಮರಳಿ ಬಂದಿರಬೇಕು.

ನಾಲಿಗೆಯ ಅಡಿಯನ್ನು ಪ್ರತಿದಿನ ನೋಡುವುದನ್ನು ತಪ್ಪಿಸಬಾರದು. ಹಲ್ಲಿನ ಚೂಪು ಅಂಚಿಗೆ ಪದೇ ಪದೇ ಉಜ್ಜಿ ಅಲ್ಲಿ ಹುಣ್ಣಾಗುವುದನ್ನು ರೀಗಾ–ಫೇಡೆ ಕಾಯಿಲೆ ಎನ್ನುತ್ತಾರೆ. ಇಟಲಿಯ ವೈದ್ಯ ಆಂಟೋನಿಯೊ ರೀಗಾ 1881ರಲ್ಲಿ ಇದನ್ನು ವಿವರಿಸಿದರು, ಕೆಲವು ವರ್ಷಗಳ ಬಳಿಕ ಫೇಡೆ ಅದರ ಅಂಗಾಂಶವನ್ನು ಪರೀಕ್ಷಿಸಿದರು. ನಾಲಿಗೆಯ ಅಡಿಯನ್ನು ಬಾಯಿಯ ತಳಕ್ಕೆ ಬೆಸೆಯುವ ಪಟ್ಟಿಯ ಬಳಿ ಮೊದಲು ಕೆಂಪು, ನಂತರ ಹಳದಿ ಮಿಶ್ರಿತ ಬಿಳಿ ಪೊರೆ ಮುಚ್ಚಿದ, ಅಂಚು ಗಟ್ಟಿಯಾದ ಹುಣ್ಣು ಕಾಣುತ್ತದೆ. ಹಸಿದ ಮಗು ಎದೆಗೆ ಬಾಯಿ ಹಾಕಿ, ನಾಲ್ಕು ಗುಟುಕು ಹೀರಿ, ಚೀರಿ ಬಿಟ್ಟುಬಿಡುವುದು ಇದರ ಮೊದಲ ಸುಳಿವು. ಇಲ್ಲಿ ಮದ್ದು ಹುಣ್ಣಿಗಲ್ಲ, ಹಲ್ಲಿಗೆ. ಹಲ್ಲು ಗಟ್ಟಿಯಾಗಿದ್ದರೆ ಚೂಪು ಅಂಚನ್ನು ಉಜ್ಜಿ ನುಣುಪಾಗಿಸುತ್ತಾರೆ, ಅಥವಾ ಅಂಚಿನ ಮೇಲೆ ಕಾಂಪೋಸಿಟ್ ರೆಸಿನ್‌ನ (ಹಲ್ಲು ತುಂಬಲು ಬಳಸುವ ಅಂಟುವ ವಸ್ತುವಿನ) ಚಿಕ್ಕ ಗುಮ್ಮಟ ಕೂರಿಸುತ್ತಾರೆ. ಎನಾಮಲ್ ಸರಿಯಿಲ್ಲದ ಹಲ್ಲಿಗೆ ರೆಸಿನ್ ಚೆನ್ನಾಗಿ ಅಂಟುವುದಿಲ್ಲ, ಕಳಚಬಹುದು, ಆದ್ದರಿಂದ ಹಾಕಿಸಿದ ಮೇಲೂ ದಿನಾ ನೋಡುತ್ತಿರಬೇಕು. ಉಜ್ಜುವಿಕೆ ನಿಂತ ಮೇಲೆ ಹುಣ್ಣು ಸಾಮಾನ್ಯವಾಗಿ ಎರಡು ವಾರಗಳ ಆಸುಪಾಸಿನಲ್ಲಿ ಮಾಯುತ್ತದೆ. ಮಾಯದಿದ್ದರೆ, ಅಥವಾ ಮಗು ಸರಿಯಾಗಿ ಹಾಲು ಕುಡಿಯದೆ ತೂಕ ಕಳೆದುಕೊಳ್ಳುತ್ತಿದ್ದರೆ, ಹಲ್ಲನ್ನು ತೆಗೆಯುವುದು ಅನಿವಾರ್ಯ. ಹಲ್ಲು ಹೋದ ಮೇಲೂ ಹುಣ್ಣು ಉಳಿದರೆ ಬೇರೆ ಕಾರಣ ಹುಡುಕಬೇಕು. ಆರು ತಿಂಗಳು ದಾಟಿದ ಮಗುವಿನಲ್ಲಿ ಹೊಸದಾಗಿ ಇಂಥ ಹುಣ್ಣು ಕಂಡರೆ, ಮಗುವಿಗೆ ನೋವಿನ ಅರಿವೇ ಕಡಿಮೆ ಇರಬಹುದೇ ಎಂದು ನರತಜ್ಞರಿಗೆ ತೋರಿಸುವುದು ಒಳಿತು.

ನೋವು ಕಡಿಮೆಯಾಗಲೆಂದು ಅಂಗಡಿಯಲ್ಲಿ ಸಿಗುವ ಮರಗಟ್ಟಿಸುವ ಜೆಲ್‌ಗಳನ್ನು ಹಚ್ಚಬಾರದು. ಬೆಂಜೊಕೇನ್ ಇರುವ ಇಂಥ ಔಷಧಗಳು ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಗ್ಗಿಸಬಲ್ಲವು. ಎರಡು ವರ್ಷದೊಳಗಿನ ಮಕ್ಕಳಿಗೆ ಇವನ್ನು ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಎಚ್ಚರಿಸಿದೆ.

ಕೀಳಲೇಬೇಕಾದಾಗ

ತೀರ ಸಡಿಲವಾದ ಹಲ್ಲು, ಹೆಚ್ಚುವರಿ ಎಂದು ಖಚಿತವಾದ ಹಲ್ಲು, ಬೇರೆ ಉಪಾಯಕ್ಕೆ ಬಗ್ಗದ ನಾಲಿಗೆಯ ಹುಣ್ಣು, ಹಾಲು ಕುಡಿಯಲು ನಿಜವಾದ ಅಡ್ಡಿ: ಕೀಳಲು ಇವು ಸಾಕಷ್ಟು ಕಾರಣಗಳು. ಹಲ್ಲು ಕಳಚಿ ಶ್ವಾಸನಾಳಕ್ಕೆ ಇಳಿಯಬಹುದೆಂಬ ಭಯವೇ ಹೆಚ್ಚಿನ ಹಲ್ಲುಗಳನ್ನು ಕೀಳಿಸುತ್ತದೆ. ಅದು ನಿಜವಾಗಿ ಸಂಭವಿಸುವುದು ಬಹಳ ವಿರಳ, ಆದರೂ ಹಾಗೆ ಆದರೆ ಪರಿಣಾಮ ಗಂಭೀರ. ಹಾಗಾಗಿ ನಿಜಕ್ಕೂ ನೇತಾಡುತ್ತಿರುವ ಹಲ್ಲಿನ ವಿಷಯದಲ್ಲಿ ಈ ಎಚ್ಚರಿಕೆ ನ್ಯಾಯವಾದದ್ದೇ. ಸ್ವಲ್ಪ ಅಲುಗುವ ಹಲ್ಲಿಗೂ ಇದೇ ವಾದ ಹೂಡುವುದು ನನಗೆ ಸರಿಕಾಣುವುದಿಲ್ಲ.

ಕೀಳುವ ಮೊದಲು ರಕ್ತಸ್ರಾವದ ವಿಚಾರ ತೀರ್ಮಾನವಾಗಬೇಕು. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ನವಜಾತ ಶಿಶುವಿನಲ್ಲಿ ಬಹಳ ಕಡಿಮೆ ಇರುತ್ತದೆ. ಅದನ್ನು ತಯಾರಿಸುವ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಇನ್ನೂ ನೆಲೆಗೊಂಡಿರುವುದಿಲ್ಲ. ಹೀಗಾಗಿ ಹತ್ತು ದಿನ ತುಂಬುವವರೆಗೆ ಕಾಯಬೇಕೆಂಬ ಹಳೆಯ ನಿಯಮ ಇಂದಿಗೂ ಚಾಲ್ತಿಯಲ್ಲಿದೆ. ದಿನ ಎಣಿಸುವುದಕ್ಕಿಂತ ಮುಖ್ಯವಾದದ್ದು, ಹುಟ್ಟಿದಾಗ ಕೊಡುವ 0.5ರಿಂದ 1 ಮಿಲಿಗ್ರಾಂ ವಿಟಮಿನ್ ಕೆ ಚುಚ್ಚುಮದ್ದು ಮಗುವಿಗೆ ಸಿಕ್ಕಿದೆಯೇ ಎಂದು ದಾಖಲೆಯಲ್ಲಿ ನೋಡುವುದು. ಏಕೆಂದರೆ ಆ ಮದ್ದು ಸಿಗದ, ಬರೀ ಎದೆಹಾಲಿನ ಮೇಲಿರುವ ಶಿಶುಗಳಲ್ಲಿ ಈ ಕೊರತೆಯ ರಕ್ತಸ್ರಾವ ಎರಡನೆಯ ವಾರದ ನಂತರ, ಮೂರು ತಿಂಗಳವರೆಗೂ ಕಾಣಿಸಿಕೊಳ್ಳಬಹುದು. ಸಿಗದಿದ್ದರೆ ಮಕ್ಕಳ ತಜ್ಞರು ಮೊದಲು ಅದನ್ನು ಕೊಡಬೇಕು. ಮನೆತನದಲ್ಲಿ ಹಿಮೊಫೀಲಿಯಾದಂತಹ ಕಾಯಿಲೆ, ಮಗುವಿಗೆ ಹೆಚ್ಚಿನ ಕಾಮಾಲೆ, ಹೃದಯದ ದೋಷ ಇವೆಯೇ ಎಂಬುದನ್ನೂ ದಂತವೈದ್ಯರಿಗೆ ತಿಳಿಸಬೇಕು; ಕೆಲವು ಹೃದಯದೋಷಗಳಲ್ಲಿ ಕೀಳುವ ಮುನ್ನ ಆಂಟಿಬಯಾಟಿಕ್ ಬೇಕಾಗುತ್ತದೆ.

ಕೀಳುವ ಕೆಲಸ ಕ್ಷಣಗಳದ್ದು, ಸಿದ್ಧತೆಯೇ ಹೆಚ್ಚು. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಹೆತ್ತವರಲ್ಲೊಬ್ಬರು ಅಥವಾ ದಾದಿ ತಲೆಯನ್ನು ಹಿಡಿದಿರುವಾಗ, ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದ ಅತಿ ಕಡಿಮೆ ಪ್ರಮಾಣದ ಮರಗಟ್ಟಿಸುವ ಮದ್ದನ್ನು ಕೊಟ್ಟು, ಜಾರಿ ಗಂಟಲಿಗೆ ಬೀಳದಂತೆ ಹಲ್ಲಿನ ಹಿಂದೆ ಗಾಜ್ ಬಟ್ಟೆಯ ತಡೆ ಇಟ್ಟು ಹಲ್ಲನ್ನು ತೆಗೆಯುತ್ತಾರೆ. ಆಮೇಲಿನ ಹೆಜ್ಜೆಯನ್ನು ಅನುಭವವಿಲ್ಲದವರು ಬಿಟ್ಟುಬಿಡುವುದುಂಟು: ಹಲ್ಲು ಕುಳಿತಿದ್ದ ಗುಣಿಯಲ್ಲಿ ಉಳಿದ ಮೃದು ಅಂಗಾಂಶವನ್ನು ಮೆಲ್ಲಗೆ ಕೆರೆದು ತೆಗೆಯಬೇಕು. ಆ ಅಂಗಾಂಶ ಜೀವಂತವಾಗಿ ಉಳಿದರೆ ಬೇರನ್ನು ಕಟ್ಟುವ ಕೆಲಸ ಮುಂದುವರಿಸಿ, ತಿಂಗಳುಗಳ ಬಳಿಕ ಅದೇ ಜಾಗದಲ್ಲಿ ಕಿರೀಟವಿಲ್ಲದ ಹಲ್ಲಿನ ತುಣುಕೊಂದು ಮೇಲೆದ್ದು ಬರಬಹುದು. ಮನೆಯಲ್ಲಿ ದಾರ ಕಟ್ಟಿ ಎಳೆಯುವವರಿಗೆ, ಬೆರಳಿನಿಂದ ಕಿತ್ತೆಸೆಯುವವರಿಗೆ ಕೊಡಬಹುದಾದ ಬಲವಾದ ಉತ್ತರ ಇದೇ. ಒಸಡು ಹರಿಯುವುದೂ ರಕ್ತ ನಿಲ್ಲದಿರುವುದೂ ಅದರ ಜೊತೆಗಿನ ಅಪಾಯಗಳು.

ಒದ್ದೆ ಮಾಡಿದ ಗಾಜ್ ಬಟ್ಟೆಯಿಂದ ಕೆಲವು ನಿಮಿಷ ಒತ್ತಿಹಿಡಿದರೆ ರಕ್ತ ನಿಲ್ಲುತ್ತದೆ. ರಕ್ತ ನಿಂತದ್ದನ್ನು ಕಣ್ಣಾರೆ ನೋಡದೆ ಮನೆಗೆ ಹೊರಡಬಾರದು. ನಂತರ ಎದೆಹಾಲು ಕುಡಿಸಬಹುದು, ಮಗುವಿಗೆ ಅದೇ ಸಮಾಧಾನ. ಮನೆಗೆ ಬಂದ ಮೇಲೆ ಜೊಲ್ಲಿನಲ್ಲಿ ನಸುಗೆಂಪು ಕಂಡರೆ ಗಾಬರಿ ಬೇಡ. ಬಾಯಲ್ಲಿ ರಕ್ತ ಮತ್ತೆ ಮತ್ತೆ ತುಂಬಿಕೊಳ್ಳುತ್ತಿದ್ದರೆ, ಮಗು ಬಿಳಿಚಿಕೊಂಡರೆ, ಜ್ವರ ಬಂದರೆ, ಹಾಲು ಬಿಟ್ಟರೆ ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು.

ಹಲ್ಲು ತಾನಾಗಿಯೇ ಬಿದ್ದರೆ ಮೊದಲು ಅದನ್ನು ಹಾಸಿಗೆ, ಬಟ್ಟೆಗಳಲ್ಲಿ ಹುಡುಕಬೇಕು. ನುಂಗಿದ್ದರೆ ಸಾಮಾನ್ಯವಾಗಿ ಮಲದಲ್ಲಿ ಹೋಗುತ್ತದೆ. ಹಲ್ಲು ಸಿಗದೆ, ಮಗು ಕೆಮ್ಮುತ್ತಿದ್ದರೆ ಅಥವಾ ಉಸಿರಿನಲ್ಲಿ ಸದ್ದು ಬರುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಗುವಿಗೆ ಉಸಿರಾಡಲೂ ಅಳಲೂ ಆಗದಿದ್ದರೆ ಒಬ್ಬರು ಸಹಾಯಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಮಗುವನ್ನು ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿರುವಂತೆ ಹಿಡಿದು, ಎರಡು ಭುಜದ ಎಲುಬುಗಳ ನಡುವೆ ಐದು ಸಲ ತಟ್ಟಬೇಕು. ನಂತರ ಅಂಗಾತ ಮಲಗಿಸಿ ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಐದು ಸಲ ಒತ್ತಬೇಕು. ಹಲ್ಲು ಹೊರಬರುವವರೆಗೆ ಅಥವಾ ನೆರವು ಸಿಗುವವರೆಗೆ ಇದನ್ನೇ ಮುಂದುವರಿಸಬೇಕು; ಮಗು ಪ್ರಜ್ಞೆ ತಪ್ಪಿದರೆ ಹೃದಯ–ಶ್ವಾಸ ಪುನಶ್ಚೇತನ (ಸಿಪಿಆರ್) ಆರಂಭಿಸಬೇಕು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬಾರದು, ಅದು ಇನ್ನೂ ಕೆಳಗೆ ಹೋಗುತ್ತದೆ.

ಹಲ್ಲು ಉಳಿದಿರಲಿ, ಹೋಗಿರಲಿ, ಮಗುವನ್ನು ಮಕ್ಕಳ ದಂತವೈದ್ಯರಿಗೆ ಮೊದಲ ತಿಂಗಳುಗಳಲ್ಲಿ ಮತ್ತೆ ತೋರಿಸಿ, ನಂತರ ಉಳಿದ ಹಾಲುಹಲ್ಲುಗಳು ಮೂಡುವಾಗ ಆಗಾಗ ತೋರಿಸಬೇಕು. ಕಿತ್ತಿದ್ದರೆ ಯಾವ ಹಲ್ಲು, ಎಕ್ಸ್-ರೇಯಲ್ಲಿ ಏನು ಕಂಡಿತು, ಗುಣಿಯನ್ನು ಕೆರೆದಿದ್ದಾರೆಯೇ ಎಂಬುದು ಮಗುವಿನ ಲಸಿಕೆ ಕಾರ್ಡಿನಲ್ಲಿಯೇ ಬರೆಸಿದ್ದರೆ ಒಳ್ಳೆಯದು. ಒಸಡಿನಲ್ಲಿ ಮತ್ತೆ ಗಟ್ಟಿಯಾದದ್ದು ಕೈಗೆ ಸಿಕ್ಕಾಗಲಾಗಲಿ, ಖಾಲಿ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳು ವಾಲುತ್ತಿವೆಯೇ ಎಂಬ ಪ್ರಶ್ನೆ ಎದ್ದಾಗಲಾಗಲಿ, ಮುಂದೆ ನೋಡುವ ವೈದ್ಯರು ಮೊದಲು ಕೇಳುವುದು ಇದನ್ನೇ.